ಮುತ್ಯಾನ ಎಡಗಣ್ಣಿನ ಕಾಗದ

ಅಕ್ಕು, ಅಪ್ಪು,

ಇದನ್ನು ಮೊಮ್ಮಕ್ಕಳಾದ ನಿಮ್ಮಿಬ್ಬರಿಗೇ ಬರೆಯುತ್ತಿದ್ದೇನೆ. ನಿಮ್ಮ ಆಯಿ ಬಬಲೇಶ್ವರದ ಕಡೆಯ ಹಳ್ಳಿ ಸಾಲಿಯಲ್ಲಿ ಏಳನೆಯ ಇಯತ್ತೆ ತನಕ ಕಲಿತವಳು. ನಾಲ್ಕು ಮಂದಿಯ ಎದುರು ಮಾತಾಡು ಅಂದರೆ ಈಗಲೂ ನನ್ನ ಸೆರಗು ತಾನೇ ಬಾಯಿಗೆ ಹೋಗುತ್ತದೆ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ. ಅದಕ್ಕೇ ಧೈರ್ಯ ಬಂದಿದೆ.

ಹೋದ ತಿಂಗಳು ಅಕ್ಕು ಸಾಲಿಗೆ ಕೊಡುವ ಯಾವುದೋ ಕಾಗದ ಹುಡುಕಲು ಟ್ರಂಕು ತೆಗೆದಿದ್ದಳು. ಅದರ ತಳದಲ್ಲಿ ನೀಲಿ ಪ್ಲಾಸ್ಟಿಕ್ ಚೀಲ ಸಿಕ್ಕಿತು. "ಆಯಿ, ಇದು ಮುತ್ಯಾನ ಕಣ್ಣಿನ ಕಾಗದ. ಇಂಗ್ಲೀಷಿನಾಗೈತಿ. ಓದ್ಲೇನು?" ಅಂದಳು. ನಾನು ಹೂಂ ಅನ್ನುವುದರೊಳಗೆ ಓದಿಯೂ ಬಿಟ್ಟಳು. "ಎಡಗಣ್ಣು. ಜೋಳದ ಎಲಿ ಬಡದು ಗಾಯ. ಮನಿ ಔಷಧ ಏನೂ ಹಾಕಿಲ್ಲ." ಪಕ್ಕದಲ್ಲಿ ಕೂತಿದ್ದ ಅಪ್ಪು, "ಮುತ್ಯಾ ಶಾಣ್ಯಾ ಇದ್ದ ಬಿಡು, ಏನೇನರ ಹಾಕ್ಕೊಂಡಿಲ್ಲ" ಅಂದ. ನಾನು ಹಾಲು ಉಕ್ಕಿತು ಅಂತ ಎದ್ದು ಹೋದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಆ ಕಾಗದ ಸುಳ್ಳು. ಮುತ್ಯಾನ ಕಣ್ಣಿಗೆ ಹಾಕಿದವಳು ನಾನು. ಏನು ಹಾಕಿದಿರಿ ಎಂದು ಡಾಕ್ಟರ್ ಕೇಳಿದಾಗ ಪಕ್ಕದಲ್ಲೇ ನಿಂತು ಸುಮ್ಮನಿದ್ದವಳೂ ನಾನು. ಆ ಕಣ್ಣು ಹೋಯಿತು. ಮುಂದೆ ಎಷ್ಟೋ ವರ್ಷಗಳ ಮೇಲೆ ಅಕ್ಕು, ನಿನ್ನ ಬಲಗಣ್ಣೂ ನನ್ನ ದೆಸೆಯಿಂದಲೇ ಹೋಗುವುದರಲ್ಲಿತ್ತು. ಆಗ ನಿನಗೆ ನಾಲ್ಕು ವರ್ಷ, ನಿನಗೆ ಸರಿಯಾಗಿ ನೆನಪಿಲ್ಲ. ನನಗಿದೆ. ಎರಡನ್ನೂ ಬರೆದಿಡದೆ ಹೋದರೆ ಆ ಸುಳ್ಳು ಕಾಗದವೊಂದೇ ಉಳಿಯುತ್ತದೆ.

ನಮ್ಮ ಕಡೆ ಕಣ್ಣಿನ ಕಸ ತೆಗೆಯುವವರು ಅಂತ ಊರಿಗೆ ಒಬ್ಬಿಬ್ಬರು ಇರುತ್ತಿದ್ದರು. ನನ್ನ ತವರಿನಲ್ಲಿ ನನ್ನ ಆಯಿ ತೆಗೆಯುತ್ತಿದ್ದಳು. ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ, ಬೆಂಕಿಕಡ್ಡಿಯ ಮೇಲೆ ರೆಪ್ಪೆ ಮಗುಚಿ, ನಾಲಿಗೆಯ ತುದಿಯನ್ನು ಕಣ್ಣೊಳಗೆ ಒಮ್ಮೆ ಆಡಿಸುವಳು. ಬೆರಳಿಗೆ ಸಿಗದ್ದು ನಾಲಿಗೆಗೆ ಸಿಗುತ್ತದೆ. ಹೊಟ್ಟಿನ ಚೂರು, ಜೋಳದ ತೆನೆಯ ನವಿರು ಸುಂಕು, ಹಾದಿಯ ಧೂಳಿನ ಕಣ, ಎಲ್ಲವೂ ಅಕ್ಕಿಯಲ್ಲಿ ಉಸುಕು ಸಿಕ್ಕಂತೆ ತಟ್ಟನೆ ತಿಳಿಯುತ್ತದೆ. ತೆಗೆದ ಮೇಲೆ ಒಂದು ಕಟ್ಟಳೆ ಇತ್ತು. ತೆಗೆದವರು "ಯಾರು ಕಾಣ್ತಾರ?" ಅಂತ ಕೇಳಬೇಕು. ಕಣ್ಣು ತೆರೆದವರು "ನೀ ಕಾಣ್ತಿ" ಅನ್ನಬೇಕು. ಹಾಗೆ ಅನ್ನದೆ ಹೊಸ್ತಿಲು ದಾಟುವಂತಿರಲಿಲ್ಲ.

ನಾನು ಅದನ್ನು ಹತ್ತು ವರ್ಷದವಳಿದ್ದಾಗಲೇ ಕಲಿತೆ. ಮದುವೆಯಾಗಿ ತಿಕೋಟಾದ ಹತ್ತಿರ ನಿಮ್ಮ ಮುತ್ಯಾನ ಊರಿಗೆ ಬಂದಾಗ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ನನ್ನ ಅತ್ತೆ ಒಂದು ಮಾತಿಗೆ ಹತ್ತು ಮಾತಾಡುವವರು. ಅವರಿಗೆ ನಾನೊಂದು ತಲೆನೋವು. ಒಂದು ದಿನ ಓಣಿಯ ಹುಡುಗಿಯ ಕಣ್ಣಿಗೆ ಏನೋ ಬಿದ್ದು ಅವಳು ಚೀರಾಡುತ್ತಿದ್ದಳು. ನಾನು ಸುಮ್ಮನೆ ಹೋಗಿ ತೆಗೆದುಬಿಟ್ಟೆ. ಅಂದಿನಿಂದ ಹೆಂಗಸರು, ಮಕ್ಕಳು ನನ್ನನ್ನೇ ಹುಡುಕಿಕೊಂಡು ಬರತೊಡಗಿದರು. ಎದುರು ಮನೆಯಾಕೆ ಅತ್ತೆಗೆ ಹೇಳಿದ್ದು ಈಗಲೂ ಕಿವಿಯಲ್ಲಿದೆ: "ಯಕ್ಕಾ, ನಿನ್ನ ಸೊಸಿ ಮಾತಾಡೂದಿಲ್ಲ ಅಂತಿದ್ದಿ. ನಾಲಿಗಿ ಎದಕ್ಕ ಉಳಿಸಿ ಇಟ್ಟಾಳ ನೋಡು!" ಅತ್ತೆ ನಕ್ಕಿದ್ದರು. ಆ ಮನೆಯಲ್ಲಿ ನನಗೂ ಒಂದು ಜಾಗ ಸಿಕ್ಕಿದ್ದು ಆವತ್ತು. ಅದನ್ನು ಕಳೆದುಕೊಳ್ಳುವ ಹೆದರಿಕೆಯೂ ಆವತ್ತೇ ಹುಟ್ಟಿರಬೇಕು.

ನಿಮ್ಮ ಅಪ್ಪ ಆಗ ನಾಲ್ಕನೆಯ ಇಯತ್ತೆ. ಎಳ್ಳಮಾಸಿ ಮುಗಿದು ತಿಂಗಳು ದಾಟಿತ್ತು. ಜೋಳ ಕೀಳುವ ಕೆಲಸ ನಡೆದಿತ್ತು. ನಮ್ಮಲ್ಲಿ ಬಿಳಿಜೋಳವನ್ನು ಬುಡಸಮೇತ ಕಿತ್ತು, ಸಾಲಾಗಿ ಹಾಕಿ, ಆಮೇಲೆ ತೆನೆ ಮುರಿಯುತ್ತಾರೆ. ಆ ಹೊತ್ತಿಗೆ ಎಲೆ ಒಣಗಿ ಅಂಚು ಬ್ಲೇಡಿನಂತೆ ಆಗಿರುತ್ತದೆ. ನಿಮ್ಮ ಮುತ್ಯಾ ಒಂದು ದೊಡ್ಡ ಹಿಡಿ ಜೋರಾಗಿ ಎಳೆದರು. ಬೇರು ಸಡಿಲಾಗಿ ದಂಟುಗಳೆಲ್ಲ ಒಮ್ಮೆಲೇ ಮೈಮೇಲೆ ಬಂದವು. "ಹಾಂ!" ಅಂತ ಎಡಗಣ್ಣು ಹಿಡಿದು ಅಲ್ಲೇ ಕೂತರು.

"ಏನಾತ್ರಿ?"

"ಕಸ ಬಿತ್ತು ನೋಡು. ಏ, ಬಾ ಇಲ್ಲಿ. ಊರ ಮಂದಿದೆಲ್ಲ ತಗೀತಿ, ನಂದೂ ಒಂದ ತಗಿ."

ಸಾಲಿನಲ್ಲಿದ್ದ ಹೆಂಗಸರೆಲ್ಲ ನಗುತ್ತ ಸೊಂಟ ನೆಟ್ಟಗೆ ಮಾಡಿ ನಿಂತರು. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಬಾಯಲ್ಲಿ ಎಲೆ ಅಡಿಕೆ ಇತ್ತು, ಉಗುಳಿದೆ. ಉಪ್ಪು ಇರಲಿಲ್ಲ. ಕೊಡದ ನೀರಿನಿಂದ ಬಾಯಿ ಮುಕ್ಕಳಿಸಿದೆ. ರೆಪ್ಪೆ ಮಗುಚಿ ನಾಲಿಗೆ ಆಡಿಸಿದೆ.

ಏನೂ ಸಿಗಲಿಲ್ಲ.

ಇದನ್ನು ನಾನು ಯಾರಿಗೂ ಹೇಳಿಲ್ಲ. ನಾಲಿಗೆಗೆ ಏನೂ ಸಿಗಲಿಲ್ಲ. ಇನ್ನೊಮ್ಮೆ ಆಡಿಸಿದೆ, ಮತ್ತೊಮ್ಮೆ ಆಡಿಸಿದೆ. ಕಣ್ಣಿನ ಕರಿಗುಡ್ಡೆಯ ಮೇಲೆ ಒಂದು ಕಡೆ ಸ್ವಲ್ಪ ಒರಟಾಗಿತ್ತು, ಅಷ್ಟೇ. ಅದು ಕಸ ಅಲ್ಲ, ಗೀರು. ಗೀರಿದ ಕಣ್ಣಿಗೂ ಒಳಗೆ ಕಸ ಇದ್ದಂತೆಯೇ ಅನಿಸುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಆದರೆ ಏನೂ ಇಲ್ಲ ಎಂಬುದು ನನಗೆ ಗೊತ್ತಾಗಿತ್ತು. "ಕಸ ಇಲ್ರಿ, ಬ್ಯಾರೆ ಏನೋ ಆಗೈತಿ" ಅನ್ನಬಹುದಿತ್ತು. ಎಂಟು ಹತ್ತು ಹೆಂಗಸರು ನೋಡುತ್ತಿದ್ದರು. ನನ್ನ ಕೈಗುಣ ಗಂಡನ ಕಣ್ಣಿಗೇ ಹತ್ತಲಿಲ್ಲ ಅಂದರೆ ಏನಂದಾರು? ನಾನು ಬದಿಗೆ ತಿರುಗಿ ಉಗುಳಿ, "ಬಂತು" ಅಂದೆ.

"ಯಾರು ಕಾಣ್ತಾರ?"

"ನೀನ ಕಾಣ್ತಿ. ಇನ್ಯಾರ ಕಾಣಬೇಕಿತ್ತು?" ಅಂದರು ನಿಮ್ಮ ಮುತ್ಯಾ. ಹೆಂಗಸರು ಹೋ ಅಂತ ನಕ್ಕರು. ಕಣ್ಣಿನಿಂದ ನೀರು ಸುರಿಯುತ್ತಲೇ ಇತ್ತು. ಅವರು ಅದನ್ನು ಟಾವೆಲ್ಲಿನಿಂದ ತಿಕ್ಕಿಕೊಂಡು ಮತ್ತೆ ಜೋಳ ಕಿತ್ತರು.

ಮರುದಿನ ಕಣ್ಣು ಕೆಂಪಾಯಿತು. ಅತ್ತೆ ಬಾಣಂತಿಯ ಹಾಲು ತರಿಸು ಅಂದರು. ಎದುರು ಮನೆಯಾಕೆಯ ಮಗಳು ಬಾಣಂತನಕ್ಕೆ ಬಂದಿದ್ದಳು, ಒಂದು ಬಟ್ಟಲಲ್ಲಿ ತಂದು ನಾನೇ ಹನಿಸಿದೆ. ಮೂರನೆಯ ದಿನ ಔಡಲೆಣ್ಣೆ ಬಿಟ್ಟೆ. ನಾಲ್ಕನೆಯ ದಿನದಿಂದ ಅವರಿಗೆ ಬೆಳಕು ನೋಡಲು ಆಗಲಿಲ್ಲ. ದನ ಕಟ್ಟುವ ಕಡೆ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದರು. ಊಟಕ್ಕೆ ಕರೆದರೆ, "ಬೆಳಕ ಬರತೈತಿ, ಬಾಗಲಾ ಮುಂದ ಮಾಡು ಮೊದಲ" ಅನ್ನುತ್ತಿದ್ದರು. ಆರನೆಯ ದಿನ ಮುಂಜಾನೆ ನಾನು ಅವರ ಮುಖ ಬೆಳಕಿಗೆ ತಿರುಗಿಸಿ ನೋಡಿದೆ. ಕರಿಗುಡ್ಡೆಯ ಮೇಲೆ, ನನ್ನ ನಾಲಿಗೆಗೆ ಒರಟು ಹತ್ತಿದ ಆ ಜಾಗದಲ್ಲೇ, ಒಂದು ರವೆ ಕಾಳಿನಷ್ಟು ಬಿಳಿ ಕೂತಿತ್ತು.

ಅಕ್ಕು, ಅಪ್ಪು, ಇದನ್ನು ಮರೆಯಬೇಡಿ. ಕೆಂಪಾದ ಕಣ್ಣು ನೋಯುತ್ತಿದ್ದರೆ, ಬೆಳಕು ಚುಚ್ಚುತ್ತಿದ್ದರೆ, ಮಂಜಾಗಿ ಕಂಡರೆ, ಅದನ್ನು ಮನೆಯಲ್ಲಿ ಇಟ್ಟುಕೊಂಡು ಕೂಡುವುದಲ್ಲ. ಎಲೆ, ಕಡ್ಡಿ, ಉಗುರು ಏನೇ ಗೀರಿರಲಿ, ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಬಿಳಿ ಚುಕ್ಕೆ ಕಾಣುವ ತನಕ ಕಾಯುವುದು ಅಂದರೆ ಮನೆಗೆ ಬೆಂಕಿ ಹತ್ತಿ ಮಾಳಿಗೆ ಬೀಳಲಿ ಅಂತ ಕಾದ ಹಾಗೆ. ನಾವು ಏಳನೆಯ ದಿನ ತಿಕೋಟಾಕ್ಕೆ ಬಂದು ವಿಜಯಪುರದ ಬಸ್ಸು ಹತ್ತಿದೆವು.

ಕಣ್ಣಿನ ದವಾಖಾನೆಯ ಡಾಕ್ಟರು ವಯಸ್ಸಾದವರು, ಸಮಾಧಾನದ ಮನುಷ್ಯ. ಕಣ್ಣಿಗೆ ಹಳದಿ ಔಷಧ ಹಾಕಿ, ನೀಲಿ ದೀಪ ಹಿಡಿದು ನೋಡಿದರು. ಆಮೇಲೆ ಕೇಳಿದರು.

"ಏನೇನ ಹಾಕೀರಿ ಇದಕ್ಕ? ಎಣ್ಣಿ, ಹಾಲು, ಯಾರರ ನಾಲಿಗಿ ಹಚ್ಚಿ ತಗದಾರೇನು? ಬೈಯೂದಿಲ್ಲ. ಹೇಳ್ರಿ. ಔಷಧ ಅದರ ಮ್ಯಾಲ ಇರತೈತಿ."

ನಿಮ್ಮ ಮುತ್ಯಾ ಒಳ್ಳೆಯ ಕಣ್ಣಿನಿಂದ ನನ್ನ ಕಡೆ ಒಮ್ಮೆ ನೋಡಿದರು. ನನ್ನ ಬಾಯಲ್ಲಿ ಸೆರಗಿತ್ತು.

"ಏನೂ ಹಾಕಿಲ್ರಿ ಸಾಹೇಬ್ರ. ನಾನ ತಿಕ್ಕೊಂಡೀನಿ, ಅಷ್ಟ."

"ಖರೇನು, ತಂಗಿ?" ಅಂತ ಡಾಕ್ಟರು ನನ್ನನ್ನು ಕೇಳಿದರು. ನಾನು ಹೌದೆಂದು ತಲೆ ಅಲ್ಲಾಡಿಸಿದೆ. ಅವರು ಬರೆದುಕೊಂಡರು. ಅಕ್ಕು ಓದಿದ್ದು ಅದನ್ನೇ.

ಹೆಂಡತಿಯನ್ನು ಬೈಸಬಾರದು ಅಂತ ಅವರು ಸುಳ್ಳು ಹೇಳಿದರು. ನಾನು ಯಾಕೆ ಹೇಳಿದೆ? ನಾಚಿಕೆಯಿಂದ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಬರೀ ನಾಚಿಕೆ ಅಲ್ಲ. ಹೊಲದಲ್ಲಿ "ಬಂತು" ಅಂದಿದ್ದೆನಲ್ಲ, ಆ ಸುಳ್ಳನ್ನು ಕಾಯಲು ಇನ್ನೊಂದು ಬೇಕಾಯಿತು.

ಡಾಕ್ಟರು ಕೊಟ್ಟ ಹನಿ ಔಷಧ ಹಾಕಿದೆವು. ಐದನೆಯ ದಿನ ಮತ್ತೆ ಹೋದಾಗ ರವೆ ಕಾಳು ಜೋಳದ ಕಾಳಾಗಿತ್ತು. ಅವರು ಸಣ್ಣ ಅಲಗಿನಿಂದ ಅದರ ಮೇಲಿನದನ್ನು ಕೆರೆದು ಗಾಜಿನ ಮೇಲೆ ಇಟ್ಟು ಕಳಿಸಿದರು. ಎಲೆಯ ಮೇಲಿನ ಬೂಷ್ಟು ಕಣ್ಣೊಳಗೆ ಬೆಳೆದಿದೆ, ಹಳಸಿದ ರೊಟ್ಟಿಗೆ ಹಿಡಿಯುತ್ತದಲ್ಲ ಹಾಗೆ, ಅಂತ ಸಿಸ್ಟರ್ ತಿಳಿಸಿ ಹೇಳಿದಳು. "ಅದರ ಜೋಡಿ ಬಾಯಾಗಿನ ಹುಳಾನೂ ಅದಾವು. ಅವು ಹೆಂಗ ಬಂದ್ವೋ ಏನೋ" ಅಂದಳು. ನಾನು ನೆಲ ನೋಡಿದೆ. ಆಗಲೂ ಹೇಳಲಿಲ್ಲ. ಮೊದಲ ದಿನವೇ ಹೇಳಿದ್ದರೆ ಕಣ್ಣು ಉಳಿಯುತ್ತಿತ್ತೇ? ಗೊತ್ತಿಲ್ಲ. ಉಳಿಯುತ್ತಿರಲಿಲ್ಲ ಅಂತ ಯಾರಾದರೂ ಹೇಳಿದ್ದರೆ ನಿದ್ದೆ ಬರುತ್ತಿತ್ತು. ಉಳಿಯುತ್ತಿತ್ತು ಅಂದಿದ್ದರೆ ಅಳುತ್ತಿದ್ದೆ. ಎರಡೂ ಆಗಲಿಲ್ಲ.

ಮುಂದೆ ಒಂದೂವರೆ ತಿಂಗಳು, ಹೋದಾಗಲೆಲ್ಲ, ಆ ದವಾಖಾನೆಯ ಉದ್ದನೆಯ ಮರದ ಬಾಕಿನ ಮೇಲೆ ಕೂತೆ. ಒಳಗೆ ಬಂದ ಕಣ್ಣುಗಳನ್ನೆಲ್ಲ ನೋಡಿದೆ. ದ್ರಾಕ್ಷಿ ತೋಟದ ತಂತಿ ಬಿಗಿಯುವಾಗ ತುಂಡು ಹಾರಿ ಕಣ್ಣಿಗೆ ನಟ್ಟ ಒಬ್ಬನನ್ನು ಕರೆತಂದರು. ಅವನ ತಮ್ಮ ತಂತಿ ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದ. ಸಿಸ್ಟರ್ ಅದನ್ನು ನೋಡಿ ಹಣೆಗೆ ಕೈ ಹಚ್ಚಿದಳು. ನಟ್ಟದ್ದನ್ನು ಕೀಳಬಾರದು, ಒತ್ತಬಾರದು, ತೊಳೆಯಲೂ ಬಾರದು, ಮೇಲೆ ಒಂದು ಚಹಾದ ಕಾಗದದ ಕಪ್ಪು ಮುಚ್ಚಿ ಹಾಗೇ ಕರೆತರಬೇಕಿತ್ತು ಅಂದಳು. ಎಮ್ಮೆಯ ಕೋಡು ಬಡಿದ ಒಬ್ಬ ಮುದುಕಿಯ ಕಣ್ಣೊಳಗೆ ರಕ್ತ ನಿಂತಿತ್ತು. ನೋವು ಕಡಿಮೆಯಾಯಿತು ಅಂತ ಎರಡು ದಿನ ಮನೆಯಲ್ಲೇ ಇದ್ದಳಂತೆ.

ಒಂದು ದಿನ ಗೋಡೆ ಕಟ್ಟುವ ಒಬ್ಬ ಗೌಂಡಿಯನ್ನು ಇಬ್ಬರು ಹೊತ್ತುಕೊಂಡು ಓಡಿ ಬಂದರು. ಸುಣ್ಣದ ಗುಂಡಿಯಲ್ಲಿ ಮುಖ ಮಾಡಿ ಬಿದ್ದಿದ್ದ.

"ನೀರ ಹಾಕಿ ತೊಳದೀರೇನು?" ಅಂತ ಸಿಸ್ಟರ್ ಕೂಗಿದಳು.

"ಇಲ್ರಿ ಅಕ್ಕಾರ. ತಡಾ ಆಗಬಾರದಂತ ಹಂಗ ಓಡಿ ಬಂದೀವಿ."

"ಸುಣ್ಣ ಬಿದ್ರ ಮೊದಲ ನೀರು, ಆಮ್ಯಾಲ ಓಡೂದು! ಹಾದಿಯಾಗ ಇದ್ದಷ್ಟೂ ಹೊತ್ತು ಅದು ಕಣ್ಣ ಸುಡತೈತಿ. ಅರ್ಧಾ ತಾಸು ನೀರ ಹಾಕ್ರಿ, ಬಾವಿ ನೀರರ ಆಗ್ಲಿ, ನಳದ ನೀರರ ಆಗ್ಲಿ!"

ಅವಳು ಅವನ ತಲೆಯನ್ನು ಬೇಸಿನ್ನಿನ ಮೇಲೆ ಹಿಡಿದು ನೀರು ಬಿಡುತ್ತಲೇ ಇದ್ದಳು, ಆತ ಒದರುತ್ತಲೇ ಇದ್ದ. ನಾನು ಎಲ್ಲವನ್ನೂ ನೋಡಿ, ಇನ್ನು ಮೇಲೆ ಯಾರ ಕಣ್ಣನ್ನೂ ಮುಟ್ಟುವುದಿಲ್ಲ ಅಂತ ಮನಸ್ಸಿನಲ್ಲೇ ಆಣೆ ಮಾಡಿದೆ.

ದವಾಖಾನೆಗೆ ಬಸ್ಸಿನಲ್ಲಿ ಬರುವಾಗಲೆಲ್ಲ ವಿಜಯಪುರ ಹತ್ತಿರವಾದಂತೆ ಬಯಲಿನ ಆಚೆ ಗೋಳಗುಮ್ಮಟ ಕಾಣುತ್ತಿತ್ತು. ನಿಮ್ಮ ಮುತ್ಯಾ ಬಲಗಣ್ಣಿಗೆ ಅಂಗೈ ಮುಚ್ಚಿಕೊಂಡು ಎಡಗಣ್ಣಿನಿಂದ ಅದರ ಕಡೆ ನೋಡುತ್ತಿದ್ದರು. ಮೊದಲ ಸಲ, "ಐತಿ" ಅಂದರು. ಆಮೇಲಿನ ಸಲ, "ಏನೋ ಗುಡ್ಡ ಐತಿ" ಅಂದರು. ಅದರ ಮುಂದಿನ ಸಲ, "ಬೆಳ್ಳಗೈತಿ" ಅಂದರು. ಕಡೆಯ ಸಲ ಅಂಗೈ ಮುಚ್ಚಿದರು, ಬಹಳ ಹೊತ್ತು ನೋಡಿದರು, ಏನೂ ಅನ್ನದೆ ಕೈ ಕೆಳಗಿಳಿಸಿದರು.

ಊರಲ್ಲಿ ನಾನು ಕಸ ತೆಗೆಯುವುದನ್ನು ಬಿಟ್ಟೆ. ಯಾಕೆ ಅಂದರೆ, ಹಲ್ಲು ನೋವು ಅಂದೆ. ಹಲ್ಲು ನೋವು ಎಷ್ಟು ವರ್ಷ ಇರುತ್ತದೆ! ಆಮೇಲೆ ಮಂದಿ ಕೇಳುವುದನ್ನೂ ಬಿಟ್ಟರು. ನಿಮ್ಮ ಮುತ್ಯಾನ ಕಣ್ಣು ಪೂರ್ತಿ ಬೆಳ್ಳಗಾಯಿತು, ಸುಲಿದ ಕೊಬ್ಬರಿಯ ಹಾಗೆ. ನಾನು ಯಾವಾಗಲೂ ಅವರ ಎಡಕ್ಕೆ ನಡೆಯುತ್ತಿದ್ದೆ, ಎಡಕ್ಕೆ ಕೂಡುತ್ತಿದ್ದೆ, ಅವರಿಗೆ ಏನೂ ತಾಗಬಾರದು ಅಂತ. ಅವರು ನಗುತ್ತಿದ್ದರು. "ಎಡಕ್ಕ ಇದ್ರ ನೀ ನನಗ ಕಾಣೂದ ಇಲ್ಲ. ಹಿಂಗಾಗೆ ನಮ್ಮ ಮನ್ಯಾಗ ಜಗಳ ಕಡಿಮಿ." ಒಮ್ಮೆ, ಕಟ್ಟೆಯ ಮೇಲೆ ಇಬ್ಬರೇ ಇದ್ದಾಗ, "ಆವತ್ತ ಹೊಲದಾಗ..." ಅಂತ ಬಾಯಿ ತೆಗೆದೆ. ಅವರು ನನ್ನ ಕಡೆ ತಿರುಗಲಿಲ್ಲ. "ಎಲಿ ಬಡದಿತ್ತು. ಮುಗೀತಲ್ಲ" ಅಂದರು. ಗೊತ್ತಿದ್ದು ಅಂದರೋ ಗೊತ್ತಿಲ್ಲದೆ ಅಂದರೋ ಇಂದಿಗೂ ತಿಳಿದಿಲ್ಲ.

ಅವರು ತೀರಿಕೊಂಡ ದಿನ ಬಲಗಣ್ಣು ಮುಚ್ಚಿತ್ತು. ಎಡಗಣ್ಣು ಅರ್ಧ ತೆರೆದೇ ಇತ್ತು. ಯಾರು ಮುಚ್ಚಿದರೂ ಮತ್ತೆ ತೆರೆಯುತ್ತಿತ್ತು. ಕಡೆಗೆ ನಾನೇ ಅಂಗೈ ಇಟ್ಟುಕೊಂಡು ಕೂತೆ. ನನ್ನ ಆಣೆ ಮುರಿದದ್ದು ಅದೊಂದು ಸಲ ಅಂದುಕೊಂಡಿದ್ದೆ.

ಅದಾಗಿ ಎರಡು ವರ್ಷಕ್ಕೆ ನಾನು ವಿಜಯಪುರಕ್ಕೆ, ಇಬ್ರಾಹಿಂಪುರದ ಈ ಮನೆಗೆ ಬಂದೆ. ನಿಮ್ಮ ಅಪ್ಪ ಅಂಗಡಿಗೆ ಹೋದ ಮೇಲೆ ನಿಮ್ಮವ್ವನಿಗೆ ಕೈಗೂಸಾದ ಅಪ್ಪುನ ಕೆಲಸ, ನನಗೆ ಅಕ್ಕುನ ಕಾವಲು. ಆವತ್ತು ಮುಂಜಾನೆ ಹತ್ತರ ಹೊತ್ತು. ರೈಲು ಹೋದ ಸದ್ದಿಗೆ ನಾನು ಕಿಟಕಿಯ ಕಡೆ ತಿರುಗಿದೆ. ಅಷ್ಟರಲ್ಲಿ ಅಕ್ಕು ನನ್ನ ಸಂಚಿಗೆ ಕೈ ಹಾಕಿದ್ದಳು. ಎಲೆ ಅಡಿಕೆಯ ಸಂಚಿಯಲ್ಲಿ ಮೊದಲಾದರೆ ಹಿತ್ತಾಳೆಯ ಸುಣ್ಣದ ಡಬ್ಬಿ ಇರುತ್ತಿತ್ತು. ಈಗ ಪ್ಲಾಸ್ಟಿಕ್ಕಿನ ಟ್ಯೂಬು ಬಂದಿದೆ, ಸುಣ್ಣ ಒಣಗುವುದಿಲ್ಲ ಅಂತ ನಾನೂ ಅದನ್ನೇ ಕೊಳ್ಳುತ್ತಿದ್ದೆ. ಅದರ ಬಾಯಿ ಕಟ್ಟಿತ್ತು. ಅವಳು ಎರಡೂ ಕೈಯಿಂದ ಹಿಚುಕಿ, ಯಾಕೆ ಬರುವುದಿಲ್ಲ ಅಂತ ಮುಖದ ಹತ್ತಿರ ಹಿಡಿದು ನೋಡಿದ್ದಾಳೆ. ಫಟ್ ಅಂತು.

ಅವಳು ಚೀರಿದ ಚೀರಿಗೆ ನಿಮ್ಮವ್ವ ಬಚ್ಚಲಿನಿಂದ ಓಡಿ ಬಂದಳು. "ಅತ್ತೀ, ಏನಾತ್ರಿ?" ಬಲಗಣ್ಣಿನ ತುಂಬ ಬಿಳಿ. ನನಗೆ ಕಂಡದ್ದು ಅಕ್ಕುನ ಕಣ್ಣಲ್ಲ.

"ಮುಟ್ಟಬ್ಯಾಡ್ರಿ ಅತ್ತೀ, ಆಟೋ ತರ್ತೀನಿ, ದವಾಖಾನಿಗೆ ಓಡೂಣು!"

ಮುಟ್ಟಬೇಡ ಅಂದದ್ದು ಎಷ್ಟು ಹಿತವಾಗಿತ್ತು! ನನ್ನ ಆಣೆಯೂ ಅದೇ ಆಗಿತ್ತಲ್ಲ. ಆದರೆ ಆ ಸಿಸ್ಟರ್ ನನ್ನ ಕಿವಿಯಲ್ಲೇ ಕೂಗಿದಂತಾಯಿತು, ಮೊದಲ ನೀರು, ಆಮ್ಯಾಲ ಓಡೂದು. ಗೀರಿಗೆ, ನಟ್ಟದ್ದಕ್ಕೆ ಕೈ ಹಚ್ಚಬಾರದು. ಸುಣ್ಣಕ್ಕೆ ನಿಮಿಷ ಬಿಡಬಾರದು. ಎರಡೂ ಕಣ್ಣೇ, ಎರಡಕ್ಕೂ ಬೇರೆ ಬೇರೆ.

"ಆಟೋ ಆಮ್ಯಾಲ! ಕುಡಿಯೂ ನೀರಿನ ಕ್ಯಾನ ತಾ!" ಅಂತ ನಾನು ಕೂಗಿದೆ. ನಿಮ್ಮವ್ವ ಬೆಚ್ಚಿ ನಿಂತಳು. ಮದುವೆಯಾಗಿ ಬಂದಾಗಿನಿಂದ ಅವಳು ನನ್ನ ದನಿ ಅಷ್ಟು ಜೋರಾಗಿ ಕೇಳಿರಲಿಲ್ಲ.

ಬಚ್ಚಲಲ್ಲಿ ಕೂತು ಅಕ್ಕುನ ತಲೆಯನ್ನು ತೊಡೆಯ ಮೇಲೆ ಬಲಕ್ಕೆ ವಾಲಿಸಿದೆ, ಸುಣ್ಣದ ನೀರು ಇನ್ನೊಂದು ಕಣ್ಣಿಗೆ ಹರಿಯಬಾರದಲ್ಲ. ಹೆಬ್ಬೆರಳು ತೋರುಬೆರಳಿನಿಂದ ರೆಪ್ಪೆ ಅಗಲ ಹಿಡಿದೆ. ನಿಮ್ಮವ್ವ ತಂಬಿಗೆಯಿಂದ ಮೆಲ್ಲಗೆ ಸುರಿದಳು. ಅಕ್ಕು ಒದೆಯುತ್ತಿದ್ದಳು, "ಆಯಿ ಬ್ಯಾಡ, ಆಯಿ ಬ್ಯಾಡ" ಅನ್ನುತ್ತಿದ್ದಳು. ಮೇಲಿನ ರೆಪ್ಪೆಯ ಒಳಗೆ ಒಂದು ಮೂಲೆಯಲ್ಲಿ ಸುಣ್ಣದ ಸಣ್ಣ ಉಂಡೆ ಅಂಟಿಕೊಂಡಿತ್ತು. ನೀರಿಗೆ ಕರಗಲೊಲ್ಲದು. ಆಗ ನನ್ನ ನಾಲಿಗೆ ತಾನೇ ಹಲ್ಲಿನ ಹಿಂದೆ ಎದ್ದು ನಿಂತಿತು. ಒಂದೇ ಸಲ ಆಡಿಸಿದರೆ ಬಂದುಬಿಡುತ್ತದೆ ಅನಿಸಿತು. ಇಷ್ಟು ವರ್ಷ ಕಳೆದರೂ ಅದು ಮರೆತಿರಲಿಲ್ಲ. ನಾನು ಅದನ್ನು ಹಲ್ಲಿನಿಂದ ಕಚ್ಚಿ ಹಿಡಿದೆ. ಬಾಯಲ್ಲಿ ರಕ್ತದ ರುಚಿ ಬಂತು.

"ಸುರವು. ನಿಲ್ಲಿಸಬ್ಯಾಡ."

"ನೀರ ತೀರಾಕತ್ತಾವರಿ ಅತ್ತೀ."

"ಡ್ರಮ್ಮಿನ್ಯಾಗಿಂದು ತಾ."

ಉಂಡೆ ಸಡಿಲಾಗಿ, ಹರಿದು, ಕೆನ್ನೆಯ ಮೇಲಿಂದ ಇಳಿದು ಹೋಯಿತು. ಆಮೇಲೂ ಬಿಡಲಿಲ್ಲ. ಅರ್ಧ ತಾಸು ಆಗಿರಬೇಕು. ನಿಮ್ಮವ್ವ ಆಟೋ ಕರೆದಳು, ಅಪ್ಪುನನ್ನು ಬಗಲಲ್ಲಿ ಎತ್ತಿಕೊಂಡಳು. ನಾನು ಆ ಟ್ಯೂಬನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಹಾದಿಯುದ್ದಕ್ಕೂ ಆಟೋದಲ್ಲಿ ಬಾಟಲಿಯ ನೀರು ಬಿಡುತ್ತಲೇ ಹೋದೆ. ಆಟೋದವ, "ಅಜ್ಜಿ, ಗಾಡಿ ತುಂಬ ನೀರಾತು" ಅಂದ. "ಆಗಲಿ ತಗೋ" ಅಂದೆ.

ಈ ಸಲ ಬೇರೆ ದವಾಖಾನೆ, ಹರೆಯದ ಡಾಕ್ಟರಮ್ಮ. ಅಕ್ಕುನ ಕಣ್ಣಿಗೆ ಬಣ್ಣ ಬದಲಾಗುವ ಸಣ್ಣ ಕಾಗದ ಮುಟ್ಟಿಸಿ ನೋಡಿದರು, ಇನ್ನಷ್ಟು ತೊಳೆಯಲು ಹೇಳಿದರು. ಆಮೇಲೆ ನಮ್ಮ ಕಡೆ ತಿರುಗಿದರು.

"ಏನು ಬಿದ್ದದ್ದು? ಮನೆಯಲ್ಲಿ ಏನು ಹಾಕಿದಿರಿ?"

ನಿಮ್ಮವ್ವ ಅಳುತ್ತಿದ್ದಳು. ಸೆರಗು ನನ್ನ ಬಾಯಿಯ ಹತ್ತಿರ ಬಂದಿತ್ತು. ಅದೇ ಪ್ರಶ್ನೆ. ನನ್ನ ಬಲಕ್ಕೆ ಯಾರೋ ನಿಂತು ನನ್ನ ಕಡೆ ತಿರುಗಿದ ಹಾಗೆ ಆಯಿತು, ನನಗಾಗಿ ಮತ್ತೊಮ್ಮೆ ಸುಳ್ಳು ಹೇಳಲು ಬಾಯಿ ತೆರೆದ ಹಾಗೆ. ನಾನು ಸೆರಗು ಕೆಳಗಿಳಿಸಿದೆ. ಗಂಟು ಬಿಚ್ಚಿ ಟ್ಯೂಬು ಮೇಜಿನ ಮೇಲೆ ಇಟ್ಟೆ.

"ಸುಣ್ಣ ನಂದ್ರಿ ಬಾಯಾರ. ನನ್ನ ಸಂಚ್ಯಾಗಿಂದು. ನೋಡಿಕೊಳ್ಳಾಕಿನೂ ನಾನ. ಕೂಡ್ಲೇ ನೀರ ಹಾಕೀನ್ರಿ, ಅರ್ಧಾ ತಾಸು. ಎಣ್ಣಿ, ಹಾಲು, ಏನೂ ಹಾಕಿಲ್ರಿ. ನಾಲಿಗಿ ಹಚ್ಚಿಲ್ರಿ."

ಡಾಕ್ಟರಮ್ಮ ಬರೆದುಕೊಂಡರು. ಹೊಗಳಲಿಲ್ಲ, ಬೈಯಲೂ ಇಲ್ಲ. "ನೀರು ಹಾಕಿದ್ದು ಒಳ್ಳೆಯದಾಯಿತು. ಆದರೂ ನಾಲ್ಕು ದಿನ ನೋಡಬೇಕು" ಅಂದರು ಅಷ್ಟೇ.

ಆ ನಾಲ್ಕು ದಿನ ಅಕ್ಕುನ ಕಣ್ಣಿಗೆ ಪಟ್ಟಿ ಇತ್ತು. ಹೊತ್ತು ಹೊತ್ತಿಗೆ ಔಷಧ ಹಾಕಲು ಪಟ್ಟಿ ತೆಗೆದಾಗಲೆಲ್ಲ ನಾನು ಕರಿಗುಡ್ಡೆಯ ಮೇಲೆ ರವೆ ಕಾಳು ಹುಡುಕುತ್ತಿದ್ದೆ. ಐದನೆಯ ದಿನ ಡಾಕ್ಟರಮ್ಮ ದೀಪ ಹಿಡಿದು ನೋಡಿ, ಪಟ್ಟಿ ಇನ್ನು ಬೇಡ ಅಂದರು. ಅಕ್ಕು ಕಣ್ಣು ಪಿಳಿಪಿಳಿ ಮಾಡಿದಳು. ನನಗರಿವಿಲ್ಲದೆ ಬಾಯಿಂದ ಬಂತು, ಎಷ್ಟೋ ವರ್ಷಗಳಿಂದ ಕೇಳದೆ ಬಿಟ್ಟ ಮಾತು.

"ಯಾರು ಕಾಣ್ತಾರ?"

ಅಕ್ಕು ಒಳ್ಳೆಯ ಕಣ್ಣಿಗೆ ಅಂಗೈ ಮುಚ್ಚಿಕೊಂಡಳು. ಥೇಟ್ ಅವರ ಹಾಗೆಯೇ. ಅವರು ಹೋದಾಗ ಅವಳಿಗೆ ಎರಡು ವರ್ಷ. ಯಾರು ತೋರಿಸಿಕೊಟ್ಟರೋ ದೇವರೇ ಬಲ್ಲ.

"ನೀ ಕಾಣ್ತಿ ಆಯಿ. ನಿನ್ನ ಮುಂದಿನ ಹಲ್ಲ ಇಲ್ಲ."

ನಿಮ್ಮವ್ವ ನಕ್ಕಳು. ಡಾಕ್ಟರಮ್ಮನೂ ನಕ್ಕರು. ನಾನು ಹೊರಗೆ ಹೋಗಿ ಬಾಕಿನ ಮೇಲೆ ಕೂತೆ. ಕೂತ ಮೇಲೆ ನೋಡಿಕೊಂಡರೆ, ಬಲಕ್ಕೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟಿದ್ದೆ. ಈಗಲೂ ಎಲ್ಲಿ ಕೂತರೂ ಬಿಡುತ್ತೇನೆ. ಅಪ್ಪು ಎಷ್ಟೋ ಸಲ, "ಆಯಿ, ಸರಿ ಆ ಕಡಿ" ಅಂತ ಬಂದು ಅಲ್ಲೇ ಕೂಡುತ್ತಾನೆ. ಯಾಕೆ ಬಿಡುತ್ತೇನೆ ಅಂತ ಅವನಿಗೆ ಈಗ ತಿಳಿಯಿತು.

ಅಕ್ಕು, ನಿನ್ನ ಕಣ್ಣು ಉಳಿಯಿತು ಅಂತ ನನ್ನನ್ನು ದೊಡ್ಡವಳು ಮಾಡಬೇಡ. ಆ ನೀರಿನ ಬುದ್ಧಿಯನ್ನು ನಾನು ಕಲಿತದ್ದು ನಿಮ್ಮ ಮುತ್ಯಾನ ಕಣ್ಣು ಹೋಗುತ್ತಿದ್ದಾಗ, ಆ ಬಾಕಿನ ಮೇಲೆ. ಡಾಕ್ಟರಮ್ಮನ ಎದುರು ನಿಜ ಹೇಳಿದೆ. ಹೇಳಬೇಕಾದವರಿಗೆ ಮಾತ್ರ ಹೇಳದೆ ಉಳಿದುಬಿಟ್ಟೆ. ಅವರು ನನ್ನ ಎಡಕ್ಕಿದ್ದರೂ ಬಲಕ್ಕಿದ್ದರೂ ಈಗ ಕೇಳುವಂತಿಲ್ಲ. ನೀವು ಕೇಳಬೇಕು. ನಿಮಗಾಗಲಿ, ನಿಮ್ಮವರಿಗಾಗಲಿ, ಕಣ್ಣಿಗೆ ಏನಾದರೂ ಆದರೆ, ಏನು ಆಯಿತು, ಏನು ಹಾಕಿದಿರಿ, ಯಾರು ಮುಟ್ಟಿದರು, ಎಲ್ಲವನ್ನೂ ಡಾಕ್ಟರ ಎದುರು ಹೇಳಿಬಿಡಿ. ಬೈದರೆ ಬೈಯಲಿ. ಬೈಗುಳ ಮನೆಗೆ ಬರುವುದರೊಳಗೆ ಮರೆತು ಹೋಗುತ್ತದೆ.

ಮುತ್ಯಾನ ಕಾಗದವನ್ನು ಹರಿಯಬೇಡಿ. ಅದು ಸುಳ್ಳಾದರೂ ನನಗಾಗಿ ಆಡಿದ ಸುಳ್ಳು. ಈ ಹಾಳೆಗಳನ್ನು ಅದೇ ನೀಲಿ ಚೀಲದಲ್ಲಿ, ಆ ಕಾಗದದ ಮೇಲೆಯೇ ಇಡಿ. ಬೇರೆ ಮಾಡಬೇಡಿ. ಟ್ರಂಕಿಗೆ ಒರಲೆ ಹತ್ತದ ಹಾಗೆ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುವಾಗ ಎರಡನ್ನೂ ಒಟ್ಟಿಗೆ ಹಾಕಿ, ಒಟ್ಟಿಗೆ ಮಡಿಚಿಡಿ. ಮುಂದೆ ಯಾರಾದರೂ ಅದನ್ನು ತೆಗೆದು ಓದಿದರೆ, ಇದನ್ನೂ ಓದದೆ ಚೀಲ ಕಟ್ಟಲು ಬಿಡಬೇಡಿ. ಜೋಪಾನ, ನನ್ನ ಕಂದಗಳಿರಾ.